ಐದು ಗೆಲುವೋ, ಆರು ಗೆಲುವೋ? ಶಾಸಕರ ಚುನಾವಣಾ ದಾಖಲೆ ಓದುವ ಬಗೆ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಮ್ಮ ಶಾಲೆಗೆ 50 ವರ್ಷ ತುಂಬಿದೆ, ಸ್ಮರಣ ಸಂಚಿಕೆ ತರುತ್ತಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಹಳ ವರ್ಷ ಈ ಭಾಗದ ಶಾಸಕರಾಗಿದ್ದವರು. ಅವರ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಊರಿನ ಫ್ಲೆಕ್ಸ್‌ಗಳಲ್ಲಿ 'ಆರು ಬಾರಿ ಶಾಸಕರು' ಅಂತ ಇದೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಐದೇ ಗೆಲುವು ಸಿಗುತ್ತದೆ. ಮಧ್ಯೆ ಒಂದು ಸಲ ಸೋತಿದ್ದರು ಅಂತ ಹಿರಿಯರು ಹೇಳುತ್ತಾರೆ, ಆದರೆ ಅದನ್ನು ಯಾರೂ ಬರೆದಿಲ್ಲ. ಯಾವ ಲೆಕ್ಕ ಸರಿ? ಇಂಥವರ ರಾಜಕೀಯ ಜೀವನವನ್ನು ದಾಖಲೆ ಸಮೇತ ಬರೆಯುವುದು ಹೇಗೆ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ತಲೆಬಿಸಿ ಇಳಿಸುತ್ತೇನೆ. ಐದೂ ಸರಿ, ಆರೂ ಸರಿ ಇರುವ ಸಾಧ್ಯತೆ ಜಾಸ್ತಿ. ಫ್ಲೆಕ್ಸ್ ಹಾಕಿಸಿದವರು ಒಂದನ್ನು ಎಣಿಸಿದ್ದಾರೆ, ನೀವು ನೋಡಿದ ಪಟ್ಟಿ ಇನ್ನೊಂದನ್ನು ಎಣಿಸಿದೆ. ಹೆಚ್ಚಿನ ಸಲ ಆ ಒಂದರ ವ್ಯತ್ಯಾಸ ಬರುವುದು ಉಪಚುನಾವಣೆಯಿಂದ. ಚುನಾವಣಾ ಆಯೋಗ ಪ್ರತಿ ಸಾರ್ವತ್ರಿಕ ಚುನಾವಣೆಗೂ ಒಂದು ಅಂಕಿಅಂಶ ವರದಿ ತರುತ್ತದೆ. ಅದರಲ್ಲಿ ಎಲ್ಲ ಕ್ಷೇತ್ರ, ಎಲ್ಲ ಅಭ್ಯರ್ಥಿಗಳ ಮತ ಇರುತ್ತದೆ. ಆದರೆ ಮಧ್ಯೆ ನಡೆದ ಉಪಚುನಾವಣೆ ಅದರಲ್ಲಿ ಸೇರುವುದಿಲ್ಲ. ಆ ವರದಿ ನೋಡಿ ಪಟ್ಟಿ ಮಾಡಿದವರು ಒಂದು ಗೆಲುವನ್ನು ಸುಲಭವಾಗಿ ಬಿಟ್ಟುಬಿಡುತ್ತಾರೆ.

ಇದನ್ನು ಎಲ್ಲರಿಗೂ ಗೊತ್ತಿರುವ ಒಬ್ಬರ ದಾಖಲೆ ಇಟ್ಟುಕೊಂಡು ತೋರಿಸುತ್ತೇನೆ. ಸಿದ್ದರಾಮಯ್ಯ ಅವರದ್ದು. ಪಕ್ಷದ ಮಾತು ಬೇಡ, ಲೆಕ್ಕ ಮಾತ್ರ ನೋಡೋಣ. ಒಬ್ಬ ಶಾಸಕರ ದಾಖಲೆಯಲ್ಲಿ ಏನೇನು ತಿರುವು ಬರಬಹುದೋ ಅವೆಲ್ಲ ಅವರೊಬ್ಬರ ದಾಖಲೆಯಲ್ಲೇ ಇವೆ.

1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿನ ಸದಸ್ಯರಾದರು. 1983ರಲ್ಲಿ ಕಾಂಗ್ರೆಸ್ಸೂ ಅಲ್ಲದೆ, ಜನತಾ ಪಕ್ಷವೂ ಅಲ್ಲದೆ ಚಾಮುಂಡೇಶ್ವರಿ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಬಂದರು. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. 1985ರಲ್ಲಿ ಜನತಾ ಪಕ್ಷದಿಂದ ಗೆಲುವು. 1989ರಲ್ಲಿ ಕಾಂಗ್ರೆಸ್ಸಿನ ಎಂ. ರಾಜಶೇಖರಮೂರ್ತಿ ಎದುರು ಸೋಲು. 1991ರಲ್ಲಿ ಕೊಪ್ಪಳದಿಂದ ಲೋಕಸಭೆಗೆ ನಿಂತು ಸೋಲು. 1994ರಲ್ಲಿ ಜನತಾದಳದಿಂದ ಮತ್ತೆ ಗೆಲುವು. 1999ರಲ್ಲಿ ಸೋಲು. 2004ರಲ್ಲಿ ಜೆಡಿಎಸ್‌ನಿಂದ ಗೆಲುವು. ಕಾಂಗ್ರೆಸ್ ಸೇರಿದ ಮೇಲೆ 2006ರ ಡಿಸೆಂಬರ್‌ನಲ್ಲಿ ಅದೇ ಕ್ಷೇತ್ರದ ಉಪಚುನಾವಣೆಯಲ್ಲಿ 257 ಮತಗಳ ಗೆಲುವು. 2008 ಮತ್ತು 2013ರಲ್ಲಿ ವರುಣಾ. 2018ರಲ್ಲಿ ಎರಡು ಕಡೆ ನಿಂತರು: ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋಲು, ಬಾದಾಮಿಯಲ್ಲಿ ಬಿ. ಶ್ರೀರಾಮುಲು ಎದುರು 1,696 ಮತಗಳ ಗೆಲುವು. 2023ರಲ್ಲಿ ವರುಣಾದಲ್ಲಿ ವಿ. ಸೋಮಣ್ಣ ಎದುರು 46,163 ಮತಗಳ ಗೆಲುವು.

ಈಗ ಎಣಿಸಿ. ವಿಧಾನಸಭೆಗೆ ನಿಂತ ಸ್ಪರ್ಧೆ ಹನ್ನೆರಡು. ಗೆದ್ದದ್ದು ಒಂಬತ್ತು, ಸೋತದ್ದು ಮೂರು. ಆದರೆ ಎಷ್ಟು ವಿಧಾನಸಭೆಗಳಲ್ಲಿ ಸದಸ್ಯರು ಅಂತ ಕೇಳಿದರೆ ಎಂಟು. ಯಾಕಂದ್ರೆ 2004ರ ಗೆಲುವು, 2006ರ ಗೆಲುವು ಎರಡೂ 12ನೇ ವಿಧಾನಸಭೆಗೇ ಸೇರಿದ್ದು. ಒಂಬತ್ತು ಅಂದವರೂ ತಪ್ಪಲ್ಲ, ಎಂಟು ಅಂದವರೂ ತಪ್ಪಲ್ಲ. ಗೆಲುವು ಎಣಿಸಿದಿರೋ, ವಿಧಾನಸಭೆ ಎಣಿಸಿದಿರೋ ಅಷ್ಟೇ ಪ್ರಶ್ನೆ. ನಿಮ್ಮ ಶಾಸಕರ ವಿಷಯದಲ್ಲೂ ಮೊದಲು ಇದನ್ನೇ ಕೇಳಿ.

ಲೆಕ್ಕ ತಪ್ಪಿಸುವ ಬೇರೆ ಜಾಗಗಳೂ ಇವೆ. ವಿಧಾನ ಪರಿಷತ್ತಿನ ಅವಧಿಯನ್ನೂ ಸೇರಿಸಿ 'ಇಷ್ಟು ಬಾರಿ ಶಾಸಕರು' ಅಂತ ಬರೆಯುವವರಿದ್ದಾರೆ. ಯಡಿಯೂರಪ್ಪನವರು 1983ರಿಂದ ಶಿಕಾರಿಪುರದಲ್ಲಿ ಗೆಲ್ಲುತ್ತಾ ಬಂದು 1999ರಲ್ಲಿ ಸೋತರು, ಆಮೇಲೆ ಪರಿಷತ್ತಿಗೆ ಹೋದರು, 2004ರಲ್ಲಿ ಮತ್ತೆ ಶಿಕಾರಿಪುರದಿಂದಲೇ ವಿಧಾನಸಭೆಗೆ ಬಂದರು. ಪರಿಷತ್ತಿನ 75 ಸ್ಥಾನಗಳಿಗೆ ದಾರಿಯೇ ಬೇರೆ ಬೇರೆ. 25 ಸ್ಥಳೀಯ ಸಂಸ್ಥೆಗಳಿಂದ, 25 ಶಾಸಕರ ಮತದಿಂದ, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಅಲ್ಲಿದ್ದ ವರ್ಷಗಳನ್ನು ಬರೆಯಲೇಬೇಕು, ಆದರೆ ಜನರ ನೇರ ಮತದ ಗೆಲುವಿನ ಜೊತೆ ಕೂಡಿಸಬಾರದು. ಬೇರೆ ಸಾಲಿನಲ್ಲಿ ಬರೆಯಿರಿ.

ಒಂದೇ ವರ್ಷದಲ್ಲಿ ಎರಡು ಗೆಲುವು ಕೂಡ ಬರಬಹುದು. ಉಮೇಶ್ ಕತ್ತಿಯವರು 2008ರ ಮೇ ತಿಂಗಳಲ್ಲಿ ಹುಕ್ಕೇರಿಯಿಂದ ಜೆಡಿಎಸ್ ಅಭ್ಯರ್ಥಿಯಾಗಿ ಗೆದ್ದರು, ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಅದೇ ವರ್ಷದ ಕೊನೆಗೆ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. 2019ರಲ್ಲಿ 17 ಶಾಸಕರು ಅನರ್ಹರಾದ ಮೇಲೆ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತಲ್ಲ, ಅಲ್ಲಿ ಮತ್ತೆ ಗೆದ್ದವರ ದಾಖಲೆಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಇಂಥ ಕಡೆ ಗೆಲುವಿನ ಜೊತೆ ರಾಜೀನಾಮೆಯನ್ನೂ ಬರೆಯಬೇಕು. ರಾಜೀನಾಮೆ ಬಿಟ್ಟು ಗೆಲುವನ್ನಷ್ಟೇ ಬರೆದರೆ ಓದುವ ಹುಡುಗರಿಗೆ ಉಪಚುನಾವಣೆ ಯಾಕೆ ಬಂತು ಅನ್ನೋದೇ ತಿಳಿಯುವುದಿಲ್ಲ.

ಗೆಲುವನ್ನು ಐದರಿಂದ ಗುಣಿಸಿ 'ಮೂವತ್ತು ವರ್ಷ ಶಾಸಕ' ಅನ್ನುವುದೂ ತಪ್ಪೇ. 1983ರ ವಿಧಾನಸಭೆ ಎರಡೇ ವರ್ಷ ನಡೆಯಿತು. 2004ರದ್ದು 2007ರ ಕೊನೆಗೆ ಮುಗಿಯಿತು. ತಾರೀಖು ನೋಡಿಯೇ ವರ್ಷ ಬರೆಯಿರಿ.

ಇನ್ನು ಹೆಸರಿನ ವಿಷಯ. ಇದರಲ್ಲಿ ನಾನು ಪಾಠ ಕಲಿತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಜಿಲ್ಲಾ ವರದಿಗಾರನಾಗಿದ್ದೆ. ಫಲಿತಾಂಶದ ರಾತ್ರಿ ಒಬ್ಬ ಶಾಸಕರ ಬಗ್ಗೆ 'ಸತತ ನಾಲ್ಕನೇ ಗೆಲುವು' ಅಂತ ಬರೆದು ಕಳಿಸಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಸೈಕಲ್ ನಿಲ್ಲಿಸಿ ಕಚೇರಿಗೆ ಬಂದರು. ಕೈಯಲ್ಲಿ ರಟ್ಟಿನ ಹೊದಿಕೆಯ ಒಂದು ಉದ್ದ ಪುಸ್ತಕ. ಒಳಗೆ ಪ್ರತಿ ಚುನಾವಣೆಯ ಫಲಿತಾಂಶವನ್ನು ಪತ್ರಿಕೆಯಿಂದ ಕತ್ತರಿಸಿ ಮೈದಾ ಅಂಟು ಹಾಕಿ ಅಂಟಿಸಿದ್ದರು. ಹಾಳೆಗಳು ಹಪ್ಪಳದ ಹಾಗೆ ಗಟ್ಟಿಯಾಗಿದ್ದವು. ಒಂದು ಪುಟ ತೆಗೆದು ಬೆರಳಿಟ್ಟು, 'ಇಲ್ನೋಡಿ ಸಾರ್, ಈ ಸಲ ಗೆದ್ದಿದ್ದು ಇವರಲ್ಲ, ಇವರ ದೊಡ್ಡಪ್ಪನ ಮಗ. ಹೆಸರು ಒಂದೇ, ಇನಿಷಿಯಲ್ ಬೇರೆ' ಅಂದರು. ನಿಜ. ಒಂದಕ್ಷರ ಬೇರೆ ಇತ್ತು. ಮರುದಿನ ತಿದ್ದುಪಡಿ ಹಾಕಿದೆವು. ಅವತ್ತಿನಿಂದ ಇನಿಷಿಯಲ್, ಕ್ಷೇತ್ರ, ಪಕ್ಷ ಮೂರೂ ಒಟ್ಟಿಗೆ ಹೊಂದಿಕೆ ಆಗದೆ ಒಂದು ಸಾಲನ್ನೂ ನಾನು ಬರೆದಿಲ್ಲ. ಆಯೋಗದ ಹಳೆಯ ವರದಿಗಳಲ್ಲಿ ಹೆಸರುಗಳು ಇಂಗ್ಲಿಷಿನಲ್ಲಿವೆ. ಒಬ್ಬರದೇ ಹೆಸರು ಒಂದೊಂದು ವರ್ಷ ಒಂದೊಂದು ರೀತಿಯ ಸ್ಪೆಲ್ಲಿಂಗ್‌ನಲ್ಲಿ ಸಿಗುತ್ತದೆ. ಹೆಸರು ಹಾಕಿ ಹುಡುಕಿದರೆ ಕೈಕೊಡುತ್ತದೆ. ಕ್ಷೇತ್ರದ ಪುಟ ತೆಗೆದು ಎಲ್ಲ ಅಭ್ಯರ್ಥಿಗಳನ್ನೂ ಓದಿ.

ಕ್ಷೇತ್ರ ಅಂದೆನಲ್ಲ, ಅದೇ ದೊಡ್ಡ ವಿಷಯ. ಕ್ಷೇತ್ರ ಅನ್ನೋದು ಕದಲದ ಊರಲ್ಲ. ಹೆಸರು ಅದೇ ಇದ್ದರೂ ಒಳಗಿನ ಹಳ್ಳಿಗಳು ಬದಲಾಗಿರಬಹುದು. ನಮ್ಮ ವಿಧಾನಸಭೆಗೆ 1952ರಲ್ಲಿ ಇದ್ದದ್ದು 99 ಸ್ಥಾನ. ರಾಜ್ಯ ಒಂದಾದ ಮೇಲೆ 1957ರಲ್ಲಿ 208. 1967ರಲ್ಲಿ 216. 1978ರಿಂದ 224. ಪ್ರತಿ ಸಲ ಗಡಿ ಬದಲಾಗಿದೆ. ಕೊನೆಯ ದೊಡ್ಡ ಬದಲಾವಣೆ 2008ರದ್ದು. 2001ರ ಜನಗಣತಿ ಆಧಾರದ ಮೇಲೆ ಕ್ಷೇತ್ರಗಳನ್ನು ಮತ್ತೆ ಕತ್ತರಿಸಿ ಜೋಡಿಸಿದರು. ಸ್ಥಾನದ ಸಂಖ್ಯೆ 224 ಹಾಗೇ ಉಳಿಯಿತು, ಆದರೆ ಪರಿಶಿಷ್ಟ ಜಾತಿ ಮೀಸಲು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ ಮೀಸಲು 2ರಿಂದ 15ಕ್ಕೆ ಹೋಯಿತು. ಎಷ್ಟೋ ಹಳೆಯ ಶಾಸಕರಿಗೆ ನಿಲ್ಲಲು ಕ್ಷೇತ್ರವೇ ಇಲ್ಲದಂತಾಯಿತು. ಕೆಲವರು ಪಕ್ಕದ ಕ್ಷೇತ್ರಕ್ಕೆ ಹೋದರು, ಕೆಲವರ ರಾಜಕೀಯ ಅಲ್ಲಿಗೇ ನಿಂತಿತು.

ಡಿ.ಕೆ. ಶಿವಕುಮಾರ್ ಅವರ ದಾಖಲೆ ನೋಡಿ. 1985ರಲ್ಲಿ ಸಾತನೂರಿನಲ್ಲಿ ಎಚ್.ಡಿ. ದೇವೇಗೌಡರ ಎದುರು ಸೋಲು. 1989ರಿಂದ 2004ರವರೆಗೆ ಸಾತನೂರಿನಿಂದ ನಾಲ್ಕು ಗೆಲುವು. 2008ರಿಂದ ಕನಕಪುರ. ಇದು ಕ್ಷೇತ್ರ ಬಿಟ್ಟು ಓಡಿದ್ದಲ್ಲ, ಸಾತನೂರು ಅನ್ನೋ ಕ್ಷೇತ್ರವೇ ಇಲ್ಲವಾಯಿತು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಗುರುಮಠಕಲ್‌ನಲ್ಲಿ ಎಂಟು ಸಲ ಗೆದ್ದರು. 2008ರಲ್ಲಿ ಆ ಕ್ಷೇತ್ರ ಸಾಮಾನ್ಯವಾಯಿತು, ಚಿತ್ತಾಪುರ ಮೀಸಲಾಯಿತು. ಒಂಬತ್ತನೇ ಗೆಲುವು ಅಲ್ಲಿಂದ. ಸಿದ್ದರಾಮಯ್ಯನವರ ವರುಣಾ ಕೂಡ 2008ರಲ್ಲಿ ಹುಟ್ಟಿದ ಕ್ಷೇತ್ರ, ಅವರ ಸ್ವಂತ ಊರು ಸಿದ್ದರಾಮನಹುಂಡಿ ಅದರೊಳಗೆ ಬಂತು. ನಿಮ್ಮ ಶಾಸಕರು 2008ರಲ್ಲಿ ಕ್ಷೇತ್ರ ಬದಲಿಸಿದ್ದರೆ, ಅಥವಾ ನಿಲ್ಲದೇ ಹೋಗಿದ್ದರೆ, ಮೊದಲು ಈ ಕಾರಣ ಇತ್ತಾ ಅಂತ ನೋಡಿ. ನಿಮ್ಮ ಶಾಲೆ ಇರುವ ಹಳ್ಳಿ ಆಗ ಯಾವ ಕ್ಷೇತ್ರದಲ್ಲಿತ್ತು, ಈಗ ಯಾವುದರಲ್ಲಿದೆ ಅನ್ನೋದನ್ನೂ ಒಂದು ಸಾಲು ಬರೆಯಿರಿ. ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಗೆಲುವು ಎಷ್ಟು ಅನ್ನುವುದಕ್ಕಿಂತ, ಗಾಳಿ ಯಾವ ಕಡೆ ಬೀಸುತ್ತಿದ್ದಾಗ ಗೆದ್ದರು ಅಂತ ಕೇಳಬೇಕು.

ಪ್ರತಿ ಚುನಾವಣೆಯ ಪಕ್ಕದಲ್ಲಿ ಆ ವರ್ಷ ರಾಜ್ಯದಲ್ಲಿ ಯಾರಿಗೆ ಎಷ್ಟು ಸೀಟು ಬಂತು ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. 1985: ಜನತಾ ಪಕ್ಷ 139. 1989: ಕಾಂಗ್ರೆಸ್ 178. 1994: ಜನತಾದಳ 115, ಕಾಂಗ್ರೆಸ್ ಬರೀ 34. 1999: ಕಾಂಗ್ರೆಸ್ 132. 2004: ಯಾರಿಗೂ ಬಹುಮತ ಇಲ್ಲ, ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. 2008: ಬಿಜೆಪಿ 110. 2013: ಕಾಂಗ್ರೆಸ್ 122. 2018: ಬಿಜೆಪಿ 104. 2023: ಕಾಂಗ್ರೆಸ್ 135.

ಈ ಸಾಲುಗಳನ್ನು ಸಿದ್ದರಾಮಯ್ಯನವರ ಪಟ್ಟಿಯ ಪಕ್ಕ ಇಡಿ. 1989 ಮತ್ತು 1999ರ ಸೋಲು ಎರಡೂ ಕಾಂಗ್ರೆಸ್ ಅಲೆಯ ವರ್ಷಗಳಲ್ಲಿ, ಅವರು ಎದುರು ಪಕ್ಷದಲ್ಲಿದ್ದಾಗ. 1985, 1994, 2013, 2023ರ ಗೆಲುವುಗಳು ಗಾಳಿ ಅವರ ಪಕ್ಷದ ಕಡೆ ಇದ್ದಾಗ. ಹಾಗಾದರೆ ಗಾಳಿಗೆ ಎದುರಾಗಿ ಗೆದ್ದದ್ದು ಯಾವುದು? 2008ರ ವರುಣಾ, ಆ ವರ್ಷ ಬಿಜೆಪಿ ಅಧಿಕಾರಕ್ಕೆ ಬಂತು. ಅದಕ್ಕೂ ಮುಂಚೆ 2006ರ ಉಪಚುನಾವಣೆ. ಆಗ ರಾಜ್ಯದಲ್ಲಿದ್ದದ್ದು ಜೆಡಿಎಸ್-ಬಿಜೆಪಿ ಸರ್ಕಾರ. ಹಿಂದೆ ತಾವೇ ಇದ್ದ ಪಕ್ಷದ ಎದುರು, ಆಡಳಿತದಲ್ಲಿದ್ದವರ ಎದುರು ನಿಂತು ಗೆದ್ದದ್ದು. 257 ಅನ್ನೋ ಸಂಖ್ಯೆ ನೋಡಿದರೆ ಚಿಕ್ಕದು. ಆದರೆ ಅವರ ಇಡೀ ದಾಖಲೆಯಲ್ಲಿ ನಾನು ಬೆರಳಿಟ್ಟು ತೋರಿಸುವುದು ಅದನ್ನೇ. ಆ 257 ಮತ ಆಚೆ ಹೋಗಿದ್ದರೆ ಮುಂದಿನ ಕಥೆ ಹೇಗಿರುತ್ತಿತ್ತು ಅಂತ ಆಗ ವರದಿ ಮಾಡಿದ ನಮ್ಮಂಥವರು ಈಗಲೂ ಮಾತಾಡಿಕೊಳ್ಳುತ್ತೇವೆ.

ಖರ್ಗೆಯವರ ಪಟ್ಟಿ ಇದಕ್ಕೆ ಬೇರೆಯೇ. 1994ರಲ್ಲಿ ಕಾಂಗ್ರೆಸ್ ನೆಲಕಚ್ಚಿ 34ಕ್ಕೆ ಇಳಿದಾಗ ಆ 34ರಲ್ಲಿ ಅವರೂ ಒಬ್ಬರು. 1983ರಲ್ಲಿ, 1985ರಲ್ಲಿ ಪಕ್ಷ ರಾಜ್ಯದಲ್ಲಿ ಸೋತಾಗಲೂ ಗುರುಮಠಕಲ್ ಅವರ ಕೈಬಿಡಲಿಲ್ಲ. ಅಲ್ಲಿ ಮತ ಬಿದ್ದದ್ದು ಪಕ್ಷಕ್ಕಷ್ಟೇ ಅಲ್ಲ, ಆ ಮನುಷ್ಯನಿಗೆ ಅಂತ ಧೈರ್ಯವಾಗಿ ಹೇಳಬಹುದು. ಇದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. 2009ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ಚಿತ್ತಾಪುರದಲ್ಲಿ ಉಪಚುನಾವಣೆ ಬಂತು. ಮಗ ಪ್ರಿಯಾಂಕ್ ಖರ್ಗೆ ನಿಂತು ಸೋತರು. ತಂದೆಯ ಮತ ತಾನಾಗಿ ಮಗನಿಗೆ ಬರಲಿಲ್ಲ. 2013ರಲ್ಲಿ ಮತ್ತೆ ನಿಂತು ಗೆದ್ದರು, ಆಮೇಲೆ 2018, 2023ರಲ್ಲೂ ಗೆದ್ದರು. ಮಲ್ಲಿಕಾರ್ಜುನ ಖರ್ಗೆಯವರ ಮೊದಲ ಸೋಲು ಬಂದದ್ದು 2019ರಲ್ಲಿ, ಲೋಕಸಭೆಗೆ, ಕಲಬುರಗಿಯಲ್ಲಿ ಉಮೇಶ್ ಜಾಧವ್ ಎದುರು 95,452 ಮತಗಳಿಂದ.

ನಿಮ್ಮ ಶಾಸಕರ ಗೆಲುವುಗಳನ್ನೂ ಹೀಗೆ ಗಾಳಿಯ ಪಕ್ಕ ಇಟ್ಟು ನೋಡಿ. ಗಾಳಿಯ ಜೊತೆ ಗೆದ್ದದ್ದು ಎಷ್ಟು, ಎದುರು ಗೆದ್ದದ್ದು ಎಷ್ಟು? ಎದುರು ಗೆದ್ದದ್ದು ಒಂದೇ ಇದ್ದರೂ ಅದಕ್ಕೆ ಅರ್ಧ ಪುಟ ಕೊಡಿ.

ಅಂತರದ ಬಗ್ಗೆ ಒಂದು ಎಚ್ಚರ. 2023ರಲ್ಲಿ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಗೆದ್ದ ಅಂತರ 1,22,392. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆ ಆದ ಮೇಲೆ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತಗಳಿಂದ. ಅವರಿಗೆ 57,797, ಸೌಮ್ಯಾ ರೆಡ್ಡಿಯವರಿಗೆ 57,781. ಶಾಸಕರ ಕುರ್ಚಿ ಶಿವಕುಮಾರ್, ರಾಮಮೂರ್ತಿ ಇಬ್ಬರಿಗೂ ಒಂದೇ. ಆದರೆ ಅಂತರ ಮಾತ್ರ ನೋಡಿ ಜನಪ್ರಿಯತೆ ಅಳೆಯಬೇಡಿ. ಮೂರು ಜನ ಬಲವಾಗಿ ನಿಂತ ಕಡೆ ನೂರಕ್ಕೆ 36 ಮತ ಬಿದ್ದರೂ ಕೆಲವು ಸಾವಿರ ಮತಗಳ ಅಂತರದಿಂದ ಗೆಲ್ಲಬಹುದು. ಇಬ್ಬರೇ ಹೋರಾಡಿದ ಕಡೆ ನೂರಕ್ಕೆ 49 ಬಿದ್ದರೂ ಸೋಲಬಹುದು. ಹಾಗಾಗಿ ನೂರಕ್ಕೆ ಎಷ್ಟು ಮತ ಅನ್ನೋ ಲೆಕ್ಕ ಜೊತೆಗಿರಲಿ. ಇನ್ನೊಂದು, ಅವರ ಮತ ಹಿಂದಿನ ಚುನಾವಣೆಗಿಂತ ಏರಿತಾ ಇಳಿಯಿತಾ ನೋಡಿ. ಎದುರಾಳಿಗಳ ಮತ ಒಡೆದು ಗೆದ್ದ ವರ್ಷ, ತಮ್ಮ ಮತ ಬೆಳೆದು ಗೆದ್ದ ವರ್ಷ ಎರಡನ್ನೂ ಇದು ಬಿಡಿಸಿ ತೋರಿಸುತ್ತದೆ.

'ಠೇವಣಿ ಕಳೆದುಕೊಂಡರು' ಅನ್ನೋ ಮಾತನ್ನೂ ಸುಮ್ನೆ ಬರೆಯಬೇಡಿ. ಅದಕ್ಕೊಂದು ಲೆಕ್ಕ ಇದೆ. ಸಿಂಧುವಾದ ಒಟ್ಟು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ. ನೋಟಾ ಮತ ಆ ಒಟ್ಟು ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ವಿಧಾನಸಭೆಯ ಸಾರ್ವತ್ರಿಕ ಚುನಾವಣೆಗಳಲ್ಲಿ ನೋಟಾ ಬಂದದ್ದೇ 2018ರಿಂದ.

ಈಗ ಆ ಬರೆಯದೇ ಬಿಟ್ಟ ಸೋಲಿನ ವಿಷಯ. ದಯವಿಟ್ಟು ಬರೆಯಿರಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮೇಲೆ ನನಗೆ ಇದು ಖಚಿತ: ರಾಜಕಾರಣಿಯ ಮನೆಗೆ ಗೆದ್ದ ರಾತ್ರಿ ಯಾರು ಬಂದರು ಅನ್ನೋದು ಏನನ್ನೂ ಹೇಳುವುದಿಲ್ಲ, ಸೋತ ಮಾರನೇ ದಿನದಿಂದ ಅವರು ಏನು ಮಾಡಿದರು ಅನ್ನೋದು ಎಲ್ಲವನ್ನೂ ಹೇಳುತ್ತದೆ. ಚಾಮರಾಜನಗರ ಜಿಲ್ಲೆಯ ಎ.ಆರ್. ಕೃಷ್ಣಮೂರ್ತಿಯವರನ್ನು ನೆನೆಸಿಕೊಳ್ಳಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಜೆಡಿಎಸ್‌ನಿಂದ ನಿಂತಿದ್ದರು. ಬಂದ ಮತ 40,751. ಎದುರಾಳಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752. ಒಂದೇ ಒಂದು ಮತ. ಧ್ರುವನಾರಾಯಣ ಅವರು 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು, 2009 ಮತ್ತು 2014ರಲ್ಲಿ ಚಾಮರಾಜನಗರದ ಸಂಸದರಾದರು. ಒಂದು ಮತದಿಂದ ಸೋತವರ ಸಂತೇಮರಹಳ್ಳಿ ಕ್ಷೇತ್ರ 2008ರಲ್ಲಿ ಅಳಿಸಿಯೇ ಹೋಯಿತು. ಹೋಗಿ ಸೇಡು ತೀರಿಸಿಕೊಳ್ಳೋಣ ಅಂದರೂ ಆ ಅಖಾಡವೇ ಇಲ್ಲ. ಅವರು ರಾಜಕೀಯ ಬಿಡಲಿಲ್ಲ. 2023ರಲ್ಲಿ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ ನಿಂತು 59,519 ಮತಗಳ ಅಂತರದಿಂದ ಗೆದ್ದರು. ಇವರ ಬಗ್ಗೆ '2023ರಲ್ಲಿ ಶಾಸಕರಾದರು' ಅಂತ ಒಂದೇ ಸಾಲು ಬರೆದರೆ ಏನು ಉಳಿಯಿತು ಹೇಳಿ? ಆ ಒಂದು ಮತವೂ ಮಧ್ಯದ 19 ವರ್ಷವೂ ಸೇರಿದರೇ ಅವರ ದಾಖಲೆ.

ನಿಮ್ಮವರು ಸೋತ ವರ್ಷದ ಆಯೋಗದ ಪುಟ ತೆಗೆಯಿರಿ. ಎರಡನೇ ಸ್ಥಾನವಾ, ಮೂರನೆಯದಾ? ಎಷ್ಟರಿಂದ? ಆಮೇಲಿನ ಐದು ವರ್ಷ ಎಲ್ಲಿದ್ದರು? ಸಹಕಾರ ಸಂಘವಾ, ಎಪಿಎಂಸಿಯಾ, ಜಿಲ್ಲಾ ಪರಿಷತ್ತಾ, ತಮ್ಮ ಹೊಲವಾ? ಇದು ಯಾವ ವರದಿಯಲ್ಲೂ ಸಿಗುವುದಿಲ್ಲ, ಊರಿನ ಹಿರಿಯರನ್ನೇ ಕೇಳಬೇಕು. ಕೇಳುವಾಗ ಇಬ್ಬರನ್ನು ಬಿಡಬೇಡಿ: ಆಗ ಅವರ ಜೊತೆ ಓಡಾಡಿದ ಒಬ್ಬರು, ಎದುರು ಪಾರ್ಟಿಯಲ್ಲಿದ್ದ ಒಬ್ಬರು. ಎದುರು ಪಾರ್ಟಿಯವರಿಗೆ ಸಂಖ್ಯೆಗಳು ಜಾಸ್ತಿ ನೆನಪಿರುತ್ತವೆ.

ಇದನ್ನೆಲ್ಲ ಎಲ್ಲಿ ಹುಡುಕುವುದು ಅಂತೀರಾ? ಭಾರತ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹಳೆಯ ಸಾರ್ವತ್ರಿಕ ಚುನಾವಣೆಗಳ ಅಂಕಿಅಂಶ ವರದಿಗಳಿವೆ. ಅದೇ ಮೊದಲ ಬುನಾದಿ. ಉಪಚುನಾವಣೆ ಫಲಿತಾಂಶವನ್ನು ಬೇರೆಯಾಗಿ ಹುಡುಕಬೇಕು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಇತ್ತೀಚಿನ ಚುನಾವಣೆಗಳ ನಮೂನೆ 20 ಸಿಗುತ್ತದೆ. ಅದರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಸಾಲು ಸಾಲಾಗಿ ಇರುತ್ತದೆ. ನಿಮ್ಮ ಶಾಲೆಯೇ ಮತಗಟ್ಟೆ ಆಗಿರುತ್ತದೆ, ಅಲ್ವಾ? ಆ ಸಾಲು ಹುಡುಕಿ. ಶಾಸಕರು ಓದಿದ ಶಾಲೆಯ ಕೊಠಡಿಯಲ್ಲಿ ಅವರಿಗೆ ಎಷ್ಟು ಮತ ಬಿತ್ತು? ಸ್ಮರಣ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಸಂಖ್ಯೆ ಇನ್ನೇನು ಬೇಕು. ಮತಪತ್ರದ ಕಾಲಕ್ಕೆ ಈ ವಿವರ ಸಿಗುವುದು ಕಷ್ಟ. 2004ರಲ್ಲಿ ಎಲ್ಲ ಕಡೆ ಯಂತ್ರ ಬಂದ ಮೇಲಿನದ್ದೇ ಹೆಚ್ಚು ಸಿಗುತ್ತದೆ.

ಅಭ್ಯರ್ಥಿಗಳ ಪ್ರಮಾಣಪತ್ರ, ಅಂದರೆ ನಮೂನೆ 26, ಇನ್ನೊಂದು ಆಕರ. ಆಸ್ತಿ, ಸಾಲ, ಓದು, ಕೇಸು ಎಲ್ಲವನ್ನೂ ಅವರೇ ಸಹಿ ಹಾಕಿ ಬರೆದುಕೊಟ್ಟಿರುತ್ತಾರೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಇದು ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನದ್ದು ಹುಡುಕಿ ಸುಸ್ತಾಗಬೇಡಿ. ಮೈನೇತಾ ವೆಬ್‌ಸೈಟಿನಲ್ಲಿ ಇವನ್ನು ಸುಲಭವಾಗಿ ನೋಡಬಹುದು. ಎರಡು ಮಾತು ನೆನಪಿರಲಿ. ಕೇಸು ಇದೆ ಅಂದರೆ ಆರೋಪ ಇದೆ ಅಂತ, ತೀರ್ಪು ಬಂದಿದೆ ಅಂತಲ್ಲ. ಆಸ್ತಿ ಐದು ವರ್ಷದಲ್ಲಿ ಎರಡು ಪಟ್ಟಾದರೆ ಜಮೀನಿನ ಬೆಲೆ ಏರಿರಬಹುದು. ಎಕರೆ ಜಾಸ್ತಿ ಆಯಿತಾ, ಬೆಲೆ ಜಾಸ್ತಿ ಆಯಿತಾ ನೋಡದೆ ಬರೆಯಬೇಡಿ.

ಸದನದೊಳಗಿನ ಕೆಲಸಕ್ಕೆ ವಿಧಾನಸಭೆಯ ನಡಾವಳಿ ನೋಡಬೇಕು. ಇದನ್ನು ನೋಡುವವರು ಕಡಿಮೆ, ಆದರೆ ಶಾಸಕರು ಅನ್ನೋ ಹೆಸರು ಬಂದದ್ದೇ ಶಾಸನ ಮಾಡುವ ಕೆಲಸದಿಂದ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಸದನದಲ್ಲಿ ಬಾಯಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ, ಬಜೆಟ್ ಮೇಲಿನ ಚರ್ಚೆ, ಇಲ್ಲೆಲ್ಲ ಅವರ ಹೆಸರು ಹುಡುಕಿ. ಪ್ರಶ್ನೆಗಳೇ ಇಲ್ಲದ ವರ್ಷ ಸಿಕ್ಕರೆ ತಕ್ಷಣ ತಪ್ಪು ತಿಳಿಯಬೇಡಿ. ಮಂತ್ರಿಯಾದವರು ಪ್ರಶ್ನೆ ಕೇಳುವಂತಿಲ್ಲ, ಉತ್ತರ ಕೊಡುವವರೇ ಅವರು. ಸಭಾಧ್ಯಕ್ಷರೂ ಅಷ್ಟೇ. ನಡಾವಳಿಯಲ್ಲಿ ನಿಮ್ಮ ಊರಿನ ಕೆರೆ, ಆಸ್ಪತ್ರೆ, ಬಸ್ಸು, ಸೇತುವೆಯ ಹೆಸರು ಸಿಕ್ಕರೆ ಆ ನಾಲ್ಕು ಸಾಲು ಹಾಗೇ ಎತ್ತಿ ಹಾಕಿ. ಬೇಕಾದ ವರ್ಷದ ಪ್ರಶ್ನೆ, ಹಾಜರಿ ಇಂಟರ್‌ನೆಟ್‌ನಲ್ಲಿ ಸಿಗದಿದ್ದರೆ ವಿಧಾನಸಭೆ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಬಹುದು.

ಊರಿಗೆ ಬಂದ ಕೆಲಸಗಳ ಬಗ್ಗೆ 'ಶಾಸಕರು ಮಾಡಿಸಿದರು' ಅಂತ ಬರೆಯುವ ಮುಂಚೆ ಹಣ ಎಲ್ಲಿಂದ ಬಂತು ಅಂತ ಕೇಳಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ, ಅದು ಖರ್ಚಾಗುವುದು ಜಿಲ್ಲಾಧಿಕಾರಿಗಳ ಮೂಲಕ. ಆ ಹಣದ ಸಮುದಾಯ ಭವನ ಬೇರೆ, ಇಲಾಖೆಯ ಯೋಜನೆಯಲ್ಲಿ ಬಂದ ರಸ್ತೆ ಬೇರೆ. ಎರಡರಲ್ಲೂ ಶಾಸಕರ ಓಡಾಟ ಇರಬಹುದು, ಆದರೆ ಬರೆಯುವ ಮಾತು ಬೇರೆ ಬೇರೆ ಆಗಬೇಕು.

ಬರೆಯುವಾಗ ಮೊದಲ ಪುಟದ ಮೂಲೆಯಲ್ಲಿ ಚಿಕ್ಕ ಕೋಷ್ಟಕ ಇಡಿ: ವರ್ಷ, ಕ್ಷೇತ್ರ, ಪಕ್ಷ, ಬಂದ ಮತ, ಹತ್ತಿರದ ಎದುರಾಳಿಯ ಮತ, ಫಲಿತಾಂಶ. ಸೋತ ವರ್ಷವೂ ಅದೇ ಅಳತೆಯ ಅಕ್ಷರದಲ್ಲಿ ಇರಲಿ. ಉಪಚುನಾವಣೆ ಇದ್ದರೆ ಹಾಗಂತ ಗುರುತು ಹಾಕಿ. ಅಷ್ಟಾದರೆ ಐದೋ ಆರೋ ಅನ್ನೋ ಜಗಳ ಅಲ್ಲಿಗೆ ಮುಗಿಯಿತು, ಓದುವವರು ತಾವೇ ಎಣಿಸಿಕೊಳ್ಳುತ್ತಾರೆ. ಉಳಿದ ಜಾಗದಲ್ಲಿ ಎಲ್ಲ ಚುನಾವಣೆಯನ್ನೂ ವಿವರಿಸಲು ಹೋಗಬೇಡಿ. ಮೊದಲ ಸಲ ನಿಂತದ್ದು, ಗಾಳಿಗೆ ಎದುರಾಗಿ ಗೆದ್ದದ್ದು, ಸೋತದ್ದು, ಈ ಮೂರನ್ನು ಚೆನ್ನಾಗಿ ಹೇಳಿ.

ಅಚ್ಚಿಗೆ ಕಳಿಸುವ ಮುಂಚೆ ಒಂದು ಪ್ರತಿ ಅವರ ಮನೆಗೆ ತೆಗೆದುಕೊಂಡು ಹೋಗಿ. ಅವರ ಸುತ್ತ ಇರುವವರು 'ಆ ಸೋಲಿನ ಸಾಲು ತೆಗೆದುಬಿಡಿ ಮೇಷ್ಟ್ರೇ' ಅನ್ನಬಹುದು. ಆಗ ಕಾಗದವನ್ನು ನೇರ ಶಾಸಕರ ಕೈಗೇ ಕೊಟ್ಟು, ಆ ವರ್ಷ ಎಲ್ಲಿ ಮತ ಕೈಬಿಟ್ಟಿತು ಸಾರ್ ಅಂತ ಕೇಳಿ. ನಾನು ಕೇಳಿದ ಹಳೆಯ ಶಾಸಕರಲ್ಲಿ ಸಿಟ್ಟಾದವರು ತೀರಾ ಕಡಿಮೆ. ಕನ್ನಡಕ ತರಿಸಿ ಹಾಕಿಕೊಂಡು, ಯಾವ ಹಳ್ಳಿಯಲ್ಲಿ ಎಷ್ಟು ಹೋಯಿತು ಅಂತ ಬೂತ್ ಬೂತ್ ಹೆಸರು ಹಿಡಿದು ಹೇಳಲು ಶುರು ಮಾಡುತ್ತಾರೆ. ಪೆನ್ನು ರೆಡಿ ಇಟ್ಟುಕೊಂಡಿರಿ.